ಸೆಲ್ಮರ್‌ನನ್ನು ಮುಟ್ಟಬಾರದು

ದಕ್ಷಿಣ ಟೆಕ್ಸಾಸ್
೧೨ ನವೆಂಬರ್ ೧೯೯೧

ಪ್ರೀತಿಯ ಆಲ್ವೀನಾ ಅತ್ತೆಗೆ,

ಇಂದು ನವೆಂಬರ್ ಹನ್ನೆರಡು, ಮಂಗಳವಾರ. ಈ ಪತ್ರದ ಉದ್ದೇಶ ಒಂದೇ: ಇದೇ ತಿಂಗಳು ಆರಂಭವಾಗುವ ಬೇಟೆಯ ಹಂಗಾಮಿನಲ್ಲಿ ನಮ್ಮ ಬಡಗಣ ದಿಣ್ಣೆಯ ಎಳೆಯ ಗಂಡು ಜಿಂಕೆಯನ್ನು ನೀವಾಗಲಿ ಓಡ್ವಿನ್ ಮಾವನಾಗಲಿ ಹೊಡೆಯಬಾರದೆಂದು ಕೋರುವುದು.

ನೀವು ಕಳಿಸಿದ ಫೋಟೋ ತಲುಪಿತು. ಹೊಲದ ಅಂಚಿನಲ್ಲಿ ಕತ್ತು ಚಾಚಿ ನಿಂತ ಅದರ ಭಂಗಿ, ಚರ್ಚಿನ ಸಹಭೋಜನದಲ್ಲಿ ಸೇಬಿನ ಪೈ ಎಲ್ಲಿದೆಯೆಂದು ಹುಡುಕುವ ನೆರೆಮನೆಯ ಸೆಲ್ಮರ್ ಹೌಗನ್‌ನಂತೆಯೇ ಇದೆಯೆಂದು ನೀವು ಜಿಂಕೆಗೆ ಸೆಲ್ಮರ್ ಎಂದು ಹೆಸರಿಟ್ಟದ್ದು ಉಚಿತವಾಗಿದೆ. ಶಾಲೆಯಲ್ಲಿ ಅವನು ನನ್ನ ಹಿಂದಿನ ಬೆಂಚಿನಲ್ಲೇ ಬೆಳೆದವನು; ಹೋಲಿಕೆಯನ್ನು ದೃಢೀಕರಿಸುವ ಅರ್ಹತೆ ನನಗಿದೆ.

ಫೋಟೋದ ಪ್ರಕಾರ ಈ ಜಿಂಕೆಗೆ ಒಂದೂವರೆ ವರ್ಷ. ಕೊಂಬಿಗೆ ಆರು ಕವಲು. ಕೊಂಬು ವರ್ಷವರ್ಷವೂ ಉದುರಿ ಹೊಸದಾಗಿ ಮೂಡುತ್ತದೆ. ನಾಲ್ಕೂವರೆ ವರ್ಷ ತುಂಬುವ ತನಕ ಅದರ ನಿಜವಾದ ಶಕ್ತಿ ಹೊರಬರುವುದಿಲ್ಲ. ನಮ್ಮ ಕಣಿವೆಯ ಒಂದು ಗೋಡೆಯ ಮೇಲೂ ಹೇಳಿಕೊಳ್ಳುವಂಥ ಕೊಂಬಿಲ್ಲದಿರುವುದಕ್ಕೆ ಕಾರಣ ತಳಿಯಲ್ಲ, ನಮ್ಮ ಆತುರ. ಎಳೆಯವು ಮೊದಲ ಬೆಳಿಗ್ಗೆಯೇ ಈಡಿಗೆ ಸಿಕ್ಕುತ್ತವೆ. ಹಾಗಾಗಿ ಯಾವುದೂ ಮುದಿಯಾಗುವುದಿಲ್ಲ. ಮಾಂಸಕ್ಕೆ ಹೆಣ್ಣು ಜಿಂಕೆ ಸಾಕು. ನಿಮ್ಮಿಬ್ಬರಿಗೂ ಅದರ ಪರವಾನಗಿ ದೊರೆತಿದೆ. ಇಲ್ಲಿ ವನ್ಯಜೀವಿ ಶಾಸ್ತ್ರದ ತರಗತಿಯಲ್ಲಿ ಇದೇ ವಿಷಯ ಮಂಡಿಸಿದಾಗ ನನಗೆ ಮೊದಲ ಸ್ಥಾನ ಬಂತು ಎಂಬುದನ್ನು ಮಾಹಿತಿಗಾಗಿ ಮಾತ್ರ ತಿಳಿಸುತ್ತಿದ್ದೇನೆ.

ದೂರವಿರುವವರ ಪತ್ರವನ್ನು ಬೇಟೆಯ ಮುನ್ನಾದಿನ ಊಟಕ್ಕೆ ಮೊದಲು ಗಟ್ಟಿಯಾಗಿ ಓದುವುದು ನಮ್ಮ ಮನೆಯ ಪದ್ಧತಿಯಾದ್ದರಿಂದ, ನನ್ನ ಕೋರಿಕೆಯನ್ನು ಮೂರನೆಯ ಹಾಳೆಯಲ್ಲಿ ಪ್ರತ್ಯೇಕವಾಗಿ ಬರೆದಿದ್ದೇನೆ.

ಸೆಲ್ಮರ್‌ನನ್ನು ಈ ವರ್ಷ ಯಾರೂ ಮುಟ್ಟಬಾರದು. ಅವನು ಚೆಲುವನೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇನ್ನೂ ಎಳೆಯವನು. ಅವನ ಕತ್ತು ತುಂಬಬೇಕು, ಎದೆ ಅಗಲವಾಗಬೇಕು, ಬುದ್ಧಿ ಬಲಿಯಬೇಕು. ಎದುರಿಗೆ ಬಂದವನೇ ಸಾಕೆಂದು ತೃಪ್ತಿಪಡುವ ಸ್ವಭಾವ ನನ್ನದಲ್ಲ. ಮೂರು ವರ್ಷ ಅವನ ಪಾಡಿಗೆ ಅವನನ್ನು ಬಿಟ್ಟರೆ ಈ ಕಣಿವೆಯಲ್ಲಿ ಅವನಿಗೆ ಸರಿಸಾಟಿ ಇರುವುದಿಲ್ಲ. ಆಗ ನಾನೇ ಬರುತ್ತೇನೆ. ಅವನು ನನ್ನವನು, ಅಲ್ಲಿಯವರೆಗೆ ಬೇರೆ ಯಾರಿಗೂ ಬಿಟ್ಟುಕೊಡಬೇಡಿ.

ನಿಮ್ಮ,
ಥೋರಾ


ಟ್ರೌಟ್ ಹಳ್ಳದ ಕಣಿವೆ, ವಿಸ್ಕಾನ್ಸಿನ್
೧ ಡಿಸೆಂಬರ್ ೧೯೯೧

ಥೋರಾ ಪುಟ್ಟೀ,

ನಿನ್ನ ಕಾಗದ ಬಂತು. ಅತ್ತೆಗೆ ಬರೆದಿದ್ದಾ, ಕೋರ್ಟಿಗೆ ಹಾಕಿದ ಅರ್ಜಿನಾ ಅಂತ ನಿನ್ನ ಮಾವ ಕೇಳಿದ್ರು. ಕೊಂಬನ್ನ ಬೇಯಿಸಿ ತಿನ್ನೋಕಾಗುತ್ತಾ ಅಂತಾನೂ ಕೇಳಿದ್ರು. ಅವರು ವರ್ಷಕ್ಕೆ ಎರಡು ಪ್ರಶ್ನೆ ಕೇಳೋ ಮನುಷ್ಯ, ಎರಡೂ ಒಂದೇ ದಿನ ಖರ್ಚಾದವು.

ಪದ್ಧತಿ ಪ್ರಕಾರ ಶುಕ್ರವಾರ ಊಟಕ್ಕೆ ಮುಂಚೆ ಎದ್ದು ನಿಂತು ಓದಿದೆ. ನಿಜ ಹೇಳ್ತೀನಿ, ಮೊದಲ ಎರಡು ಹಾಳೆ ಬಿಟ್ಟೆ. ಬೀನ್ಸ್ ಸಾರು ಆರ್ತಾ ಇತ್ತು ಕಣೇ, ಅದರಲ್ಲಿ ಬರೀ ಪಾಠ. ಕೊನೇ ಹಾಳೆ ಮಾತ್ರ ಓದಿದೆ.

ಈ ಸಲ ಊಟಕ್ಕೆ ಹೌಗನ್ ಮನೆ ಹುಡುಗನನ್ನೂ ಕರೆದಿದ್ದೆ. ಅವನ ಕಾಡಿಗೂ ನಮ್ಮ ಕಾಡಿಗೂ ನಡುವೆ ಇರೋದು ಒಂದು ಮುರುಕು ಬೇಲಿ. ಅವನು ಆ ಕಡೆ ನಿಂತು ಎಳೇವನ್ನೆಲ್ಲ ಹೊಡೀತಾ ಇದ್ರೆ ನಿನ್ನ ನಿಯಮ ಕಟ್ಕೊಂಡು ನಾನೇನು ಮಾಡ್ಲಿ? ಜಿಂಕೆಗೆ ಅವನ ಹೆಸರಿಟ್ಟಿದ್ದು ಮಾತ್ರ ಹೇಳಿರಲಿಲ್ಲ. ನಾಚಿಕೆ ಆಯ್ತು.

ಓದಿ ಮುಗಿಸಿದೆ. ನಿನ್ನ ಮಾವನಿಗೆ ಬ್ರೆಡ್ಡು ನೆತ್ತಿಗೆ ಹತ್ತಿತು. ಹುಡುಗ ಕಿವಿ ಕೆಂಪಗೆ ಮಾಡ್ಕೊಂಡು, "ಇನ್ನೊಂದ್ಸಲ ಓದ್ತೀರಾ ಆಂಟಿ?" ಅಂದ. ಓದಿದೆ. "ಮೂರು ವರ್ಷ ಅಂತಾನಾ ಬರೆದಿರೋದು?" ಅಂದ. ಹೌದಪ್ಪ, ಮೂರು ಅಂದೆ. "ಸರಿ" ಅಂದ. ಬೇಲಿ ಆಚೆಯವರಿಂದ ಇಷ್ಟು ಸಲೀಸಾಗಿ ಒಪ್ಪಿಗೆ ಈ ಕಣಿವೇಲಿ ಯಾರಿಗೂ ಸಿಕ್ಕಿಲ್ಲ.

ಮಾರನೇ ದಿನ ಆ ಆರು ಕವಲಿನವನು ನನ್ನ ಅಟ್ಟಣೆ ಕೆಳಗೇ ಬಂದು ಓಕ್ ಕಾಯಿ ಮೆಲ್ತಾ ನಿಂತ. ಅವನ ಬೆನ್ನಿನ ಮೇಲೆ ಹಿಮ ಕೂರೋದು ಕಾಣ್ತಿತ್ತು. ನನ್ನ ಕೈ ತಾನಾಗೇ ಕೋವಿಗೆ ಹೋಯ್ತು. ಆಮೇಲೆ ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತೆ. ಇಂಥ ಶಿಕ್ಷೆ ನಿನ್ನನ್ನ ಸಾಕೋವಾಗ ನಾನು ನಿನಗೂ ಕೊಟ್ಟಿರಲಿಲ್ಲ.

ಹೊಟ್ಟೆ ತುಂಬ ಉಣ್ಣು.

ಅತ್ತೆ


೯ ಜನವರಿ ೧೯೯೨

ಪ್ರೀತಿಯ ಅತ್ತೆಗೆ,

ಮೊದಲ ಎರಡು ಹಾಳೆಗಳನ್ನು ಬಿಟ್ಟದ್ದು ಸರಿಯಲ್ಲ. ವಾದದ ಆಧಾರವೆಲ್ಲ ಅಲ್ಲಿಯೇ ಇತ್ತು. ಆದರೂ ಸಾರು ಆರುವುದು ಗಂಭೀರ ವಿಷಯವೆಂದು ನಿಮ್ಮ ಮನೆಯಲ್ಲಿ ಬೆಳೆದ ನಾನು ಬಲ್ಲೆ. ತೊಡೆಯ ಕೆಳಗೆ ಕೈ ಇಟ್ಟುಕೊಂಡದ್ದಕ್ಕೆ ನಾನು ಋಣಿ. ಬಿಟ್ಟುಬಿಡುವುದು ಹೊಡೆಯುವುದಕ್ಕಿಂತ ಕಷ್ಟವೆಂದು ಪುಸ್ತಕದಲ್ಲಿ ಓದಿದ್ದೆ, ಈಗ ನಂಬಿದೆ.

ಇನ್ನು ಮುಂದೆ ಸೆಲ್ಮರ್‌ನ ಬಗ್ಗೆ ನಿಯಮಿತವಾಗಿ ವರದಿ ಕಳಿಸಿ. ಮೈ ತುಂಬಿದೆಯೇ, ಎಲ್ಲಿ ಓಡಾಡುತ್ತಾನೆ, ಏನು ತಿನ್ನುತ್ತಾನೆ, ಜೊತೆಗೆ ಯಾರಾದರೂ ಇರುತ್ತಾರೆಯೇ ಎಂಬಿಷ್ಟು ಸಾಕು. ಬೇಸಿಗೆಯಲ್ಲಿ ನಾನು ಬರಲಾರೆ. ಇಲ್ಲಿನ ಒಂದು ದೊಡ್ಡ ಜಾನುವಾರು ಎಸ್ಟೇಟಿನಲ್ಲಿ ಜಿಂಕೆಗಳ ಗಣತಿಗೆ ನನ್ನನ್ನು ಆರಿಸಿದ್ದಾರೆ. ಇಡೀ ತರಗತಿಯಿಂದ ಆಯ್ಕೆಯಾದದ್ದು ನಾನೊಬ್ಬಳೇ.

ಥೋರಾ


೧೪ ಸೆಪ್ಟೆಂಬರ್ ೧೯೯೨

ಪುಟ್ಟೀ,

ನೀನು ಕೇಳಿದ ವರದಿ. ಸೆಲ್ಮರ್ ಚೆನ್ನಾಗಿದಾನೆ. ಭುಜ ತುಂಬಿದೆ, ಕತ್ತು ದಪ್ಪ ಆಗಿದೆ. ನಡಿಗೇಲಿ ಹೋದ ವರ್ಷದ ಪೆಕರುತನ ಇಲ್ಲ. ಜೊತೆಗೆ ಯಾರೂ ಇಲ್ಲ, ಒಬ್ಬನೇ ಓಡಾಡ್ತಾನೆ. ಚಳಿ ಕಳೆದ ಮೇಲೆ ಸಂಜೆ ಹೊತ್ತು ನಮ್ಮ ಅಂಗಳದ ತನಕ ಬರೋದು ರೂಢಿ ಮಾಡ್ಕೊಂಡಿದಾನೆ. ಬಂದವನು ಸ್ವಲ್ಪ ಹೊತ್ತು ನಿನ್ನ ಕೋಣೆ ಕಿಟಕಿ ಕಡೆ ನೋಡ್ತಾ ನಿಲ್ತಾನೆ. ಮೊನ್ನೆ ನಾನು ಬಿಸಿಬಿಸಿ ಆಲೂಗಡ್ಡೆ ರೊಟ್ಟಿ, ಅದೇ ನಮ್ಮ ಲೆಫ್ಸೆ, ತಟ್ಟಿದ್ದೆ. ಬೆಣ್ಣೆ ಸಕ್ಕರೆ ಸವರಿ ಕೊಟ್ಟೆ. ಆರು ತಿಂದ.

ನಿನ್ನ ಮಾವ ನನ್ನ ಮುಖ ನೋಡಿ, "ಇದನ್ನೆಲ್ಲ ಬರೀತೀಯಾ?" ಅಂದ್ರು. ಕೇಳಿದಾಳಲ್ಲ, ಬರೀದೆ ಏನು ಅಂದೆ.

ಅತ್ತೆ


೨ ಅಕ್ಟೋಬರ್ ೧೯೯೨

ಅತ್ತೆಗೆ,

ನಿಮ್ಮ ಪತ್ರ ಓದಿ ನನಗೆ ಆತಂಕವಾಗಿದೆ. ಕೈಯಿಂದ ಲೆಫ್ಸೆ ತಿನ್ನಿಸುವುದು ಅಕ್ಷಮ್ಯ. ಮನುಷ್ಯರ ಅಂಜಿಕೆ ಬಿಟ್ಟವನು ಮೊದಲ ದಿನವೇ ಯಾರದಾದರೂ ಕೋವಿಗೆ ಸಿಕ್ಕುತ್ತಾನೆ. ಸಕ್ಕರೆಯನ್ನಂತೂ ಅವನ ಹೊಟ್ಟೆ ತಾಳಲಾರದು. ಕಿಟಕಿಯ ಕಡೆ ನೋಡುವುದು ಒಳಗಿನ ದೀಪದ ಸೆಳೆತ. ಅದಕ್ಕೆ ಬೇರೆ ಅರ್ಥ ಕಲ್ಪಿಸಬೇಡಿ.

ಇನ್ನೊಮ್ಮೆ ಅಂಗಳಕ್ಕೆ ಬಂದರೆ ಕಲ್ಲೆಸೆದು ಓಡಿಸಿ. ಹೋಗದಿದ್ದರೆ ನಾಯಿಯನ್ನು ಬಿಡಿ. ಇದು ಕಠೋರವೆನಿಸಬಹುದು, ಆದರೆ ಅವನ ಒಳಿತಿಗಾಗಿಯೇ ಹೇಳುತ್ತಿದ್ದೇನೆ.

ಥೋರಾ


೬ ಡಿಸೆಂಬರ್ ೧೯೯೨

ಥೋರಾ,

ಕಲ್ಲು ಎಸೀಲಿಲ್ಲ. ನಿನ್ನ ಕಾಗದ ಬಂದ ದಿನ ಅವನು ನಮ್ಮ ಕೊಟ್ಟಿಗೆ ಸೂರಿನ ಮೇಲೆ ಕೂತು ತಗಡಿಗೆ ಮೊಳೆ ಹೊಡೀತಾ ಇದ್ದ. ಜಿಂಕೆ ಮೊಳೆ ಹೊಡೆಯಲ್ಲ ಅಂತ ನಿಮ್ಮ ಕಾಲೇಜಲ್ಲಿ ಹೇಳಿಕೊಟ್ಟಿರಬೇಕು. ನಾಯಿ ಬಿಡು ಅಂದೆಯಲ್ಲ, ಅದು ಏಣಿ ಕೆಳಗೆ ಬಾಲ ಅಲ್ಲಾಡಿಸ್ತಾ ಮಲಗಿತ್ತು.

ಕೂತ್ಕೊಂಡು ಓದು, ಕೋಪ ಮಾಡ್ಕೋಬೇಡ. ಹೋದ ವರ್ಷ ನಾನು ಕೊನೇ ಹಾಳೆ ಮಾತ್ರ ಓದಿದ್ನಲ್ಲ, ಅದರಲ್ಲಿ ಜಿಂಕೆ ಅನ್ನೋ ಮಾತೇ ಇರಲಿಲ್ಲ. ಬರೀ ಸೆಲ್ಮರ್. ಅವನು ಎಳೆಯವನು, ಚೆಲುವ, ಮೂರು ವರ್ಷ ಕಾಯಲಿ, ಅವನು ನನ್ನವನು, ಯಾರಿಗೂ ಬಿಟ್ಟುಕೊಡಬೇಡಿ. ಎದುರಿಗೆ ಸೆಲ್ಮರ್ ಹೌಗನ್ ಚಮಚ ಹಿಡ್ಕೊಂಡು ಕೂತಿದ್ದ. ಓದ್ತಾ ಓದ್ತಾ ನನಗೇ ಗೊತ್ತಾಯ್ತು, ಅಯ್ಯೋ ಇದೆಲ್ಲಿಗೋ ಹೋಗ್ತಿದೆ ಅಂತ. ನಿಲ್ಲಿಸ್ಬೇಕಿತ್ತು. ಆದ್ರೆ ಅವನ ಮುಖ ನೋಡಿದ್ರೆ ನೀನೂ ನಿಲ್ಲಿಸ್ತಿರಲಿಲ್ಲ. ಆ ಮುಖಕ್ಕೆ "ಇದು ನಿನಗಲ್ಲಪ್ಪ, ಜಿಂಕೆಗೆ" ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಮೊದಲು ತಮಾಷೆ ಅನ್ಕೊಂಡೆ. ಅವನು ಕಾಯೋಕೆ ಶುರು ಮಾಡಿದ ಮೇಲೆ ತಮಾಷೆ ಅನ್ನಿಸ್ತಿಲ್ಲ.

ಕೊಂಬಿನ ಸೆಲ್ಮರ್ ಕೂಡ ಇದಾನೆ. ಈ ಸಲ ಎಂಟು ಕವಲು. ಹಂಗಾಮಿನಲ್ಲಿ ಎರಡು ಸಲ ಹೌಗನ್ ಕಾಡಿಗೆ ಹೋದ, ಎರಡು ಸಲವೂ ಸುರಕ್ಷಿತವಾಗಿ ಈಚೆಗೆ ಬಂದ.

ಅತ್ತೆ


೧೮ ಡಿಸೆಂಬರ್ ೧೯೯೨

ಅತ್ತೆಗೆ,

ಇಂದು ಡಿಸೆಂಬರ್ ಹದಿನೆಂಟು. ಈ ಪತ್ರದ ಉದ್ದೇಶ, ಸೆಲ್ಮರ್ ಹೌಗನ್‌ನಿಗೆ ವಾಸ್ತವವನ್ನು ತಕ್ಷಣ ತಿಳಿಸಬೇಕೆಂದು ನಿಮ್ಮನ್ನು ಆಗ್ರಹಿಸುವುದು. ನಾನು ಬರೆದದ್ದು ಜಿಂಕೆಯನ್ನು ಕುರಿತು. ಅವನ ಕತ್ತು, ಎದೆ, ಬುದ್ಧಿ ಯಾವುದರ ಬಗ್ಗೆಯೂ ನನಗೆ ಅಭಿಪ್ರಾಯವಿಲ್ಲ.

ನಾನು ಒಂದು ವರ್ಷ ಕಾಲ ಆ ಕಣಿವೆಯ ನಗೆಪಾಟಲಾಗಿದ್ದೇನೆ, ಅದೂ ನನಗೆ ತಿಳಿಯದೆ. ನನ್ನನ್ನು ಎಲ್ಲರಿಗಿಂತ ಹೆಚ್ಚು ಬಲ್ಲವರು ನೀವು. ಅದಕ್ಕಾಗಿಯೇ ನನಗೆ ನೋವಾಗಿದೆ.

ಸೆಲ್ಮರ್ ಹೌಗನ್ ಶಾಲೆಯ ಪ್ರಯೋಗದಲ್ಲಿ ಕಪ್ಪೆಯನ್ನು ಬೆನ್ನಿನ ಕಡೆಯಿಂದ ಕೊಯ್ದವನು. ಎಲ್ಲರೂ ಹೊರಟುಹೋದ ಮೇಲೆ ಉಳಿದು, ಯಾರೂ ಹೇಳದಿದ್ದರೂ, ನನ್ನ ಮೇಜನ್ನೂ ಒರೆಸಿಟ್ಟವನು ಅವನೇ. ಇದನ್ನು ಪೂರ್ಣತೆಗಾಗಿ ಮಾತ್ರ ಸೇರಿಸಿದ್ದೇನೆ.

ಥೋರಾ


೩೦ ನವೆಂಬರ್ ೧೯೯೩

ಮಗಳೇ,

ಒಂದು ವರ್ಷ ಆಯ್ತು ನಿನ್ನ ಕೈಬರಹ ನೋಡಿ. ಕ್ರಿಸ್ಮಸ್ ಕಾರ್ಡಿನಲ್ಲಿ ಬರೀ ಸಹಿ ಇತ್ತು. ನಿನಗೆ ಸಿಟ್ಟು ಬರೋದು ನಿಧಾನ, ಹೋಗೋದು ಇನ್ನೂ ನಿಧಾನ. ಪರವಾಗಿಲ್ಲ. ಆದ್ರೆ ಈ ಸುದ್ದಿ ನಾನೇ ಹೇಳ್ಬೇಕು.

ನಿನ್ನ ಜಿಂಕೆ ಹೋದ. ಪಡುವಣ ದಿಣ್ಣೆ ದಾಟಿ ಆಚೆ ಕಣಿವೆಗೆ ಇಳಿದಿದ್ದ. ಅಲ್ಲಿ ಪರ ಊರಿನಿಂದ ಬಂದವನೊಬ್ಬ ಹೊಡೆದ. ತಪ್ಪೇನಿಲ್ಲ, ಅವನ ಹತ್ರ ಪರವಾನಗಿ ಇತ್ತು, ನಮ್ಮ ನಿಯಮ ಅವನಿಗೆ ಗೊತ್ತಿಲ್ಲ. ಹತ್ತು ಕವಲು. ಅಂಥ ಕೊಂಬು ನಾನು ಕಣ್ಣಾರೆ ನೋಡೇ ಇರಲಿಲ್ಲ. ನಿನ್ನ ಮಾವ ಟೋಪಿ ತೆಗೆದು ಕೈಲಿ ಹಿಡ್ಕೊಂಡ್ರು.

ಇನ್ನೊಂದು ವಿಷಯ. ಅದೇ ಬೆಳಿಗ್ಗೆ ಆ ಜಿಂಕೆ ಮೊದಲು ಬಂದಿದ್ದು ಸೆಲ್ಮರ್ ಅಟ್ಟಣೆ ಹತ್ರ. ಪಕ್ಕೆ ತೋರಿಸ್ಕೊಂಡು ನಿಂತಿದ್ದನಂತೆ, ಕಲ್ಲೆಸೆದ್ರೂ ತಗಲೋ ಅಷ್ಟು ದೂರ. ಸೆಲ್ಮರ್ ಕೋವಿ ಎತ್ತಲಿಲ್ಲ. ಆಮೇಲೆ ದಿಣ್ಣೆ ಆಚೆಯಿಂದ ಈಡು ಕೇಳಿಸ್ತು.

"ಯಾಕೋ ಬಿಟ್ಟೆ?" ಅಂದೆ.

"ಇನ್ನೊಂದು ವರ್ಷ ಬಾಕಿ ಇತ್ತಲ್ಲ ಆಂಟಿ" ಅಂದ.

ನೀನು ಹೇಳಿದ ಹಾಗೆ ಹೋದ ಜನವರೀಲೇ ಅವನಿಗೆ ಎಲ್ಲ ಬಿಡಿಸಿ ಹೇಳಿದ್ದೆ. ಎರಡು ಕಪ್ ಕಾಫಿ ಕುಡಿಸಿ ಧೈರ್ಯ ತಂದ್ಕೊಂಡೆ. ಪೂರ್ತಿ ಕೇಳಿಸ್ಕೊಂಡು, "ಗೊತ್ತು. ಓಡ್ವಿನ್ ಅಂಕಲ್ ಮೊದಲ ವರ್ಷ, ಮಾರನೇ ಬೆಳಿಗ್ಗೇನೇ ಹೇಳಿದ್ರು" ಅಂದ. ನಿನ್ನ ಮಾವನನ್ನ ನೋಡಿದೆ. ಅವರು ಪೇಪರ್ ಓದ್ತಿದ್ರು. "ಮತ್ತೆ ಯಾಕಯ್ಯಾ ಕಾಯ್ತಾ ಇದೀಯ?" ಅಂದ್ರೆ, "ಬರೆದಿದ್ದು ಜಿಂಕೆಗೇ ಇರ್ಬಹುದು. ಹೆಸರು ನಂದು ತಾನೇ" ಅಂದ.

ನಿನ್ನನ್ನ ನೋಡಿ ಯಾರೂ ನಕ್ಕಿಲ್ಲ ಪುಟ್ಟೀ. ನಾವು ನಾಲ್ಕು ಜನ ಬಿಟ್ರೆ ಈ ವಿಷಯ ಯಾರಿಗೂ ಗೊತ್ತಿಲ್ಲ.

ಜಿಂಕೆ ದವಡೆ ಮೂಳೆನ ಸೆಲ್ಮರ್ ಆ ಮನುಷ್ಯನ ಹತ್ರ ಕೇಳಿ ಇಸ್ಕೊಂಡ. ವಯಸ್ಸು ನೋಡೋಕೆ ನಿನಗೆ ಬೇಕಾಗಬಹುದು ಅಂದ. ಪಾರ್ಸೆಲ್ ಬರುತ್ತೆ.

ಅತ್ತೆ


೧೪ ಜನವರಿ ೧೯೯೪

ಪ್ರೀತಿಯ ಅತ್ತೆಗೆ,

ಪಾರ್ಸೆಲ್ ತಲುಪಿತು. ದವಡೆಯನ್ನು ಬೇಯಿಸಿ, ಪ್ರತಿ ಹಲ್ಲಿನ ಸಂದನ್ನೂ ಉಜ್ಜಿ, ಒಣಗಿಸಿ, ಅಡುಗೆಮನೆಯ ಒರಸುಬಟ್ಟೆಯಲ್ಲಿ ಸುತ್ತಿ ಕಳಿಸಿದ್ದಾನೆ. ನಮ್ಮ ಪ್ರಯೋಗಾಲಯದಲ್ಲಿಯೂ ಇಷ್ಟು ಚೊಕ್ಕವಾಗಿ ಯಾರೂ ಮಾಡುವುದಿಲ್ಲ.

ಕೆಳಗಿನ ವಿಷಯವನ್ನು ನೀವು ಮೂವರೂ ತಿಳಿಯಬೇಕು. ಜಿಂಕೆಯ ವಯಸ್ಸು ಹೇಳುವುದು ಕೊಂಬಲ್ಲ, ಹಲ್ಲಿನ ಸವೆತ. ಈ ಹಲ್ಲುಗಳ ಸವೆತ ನಾಲ್ಕೂವರೆ ವರ್ಷದ್ದು. ಮೂರೂವರೆ ಅಲ್ಲ. ನಾನು ಮೂರು ಬಾರಿ ಪರೀಕ್ಷಿಸಿದೆ; ಬಳಿಕ ಯಾವ ಜಿಂಕೆಯದೆಂದು ಹೇಳದೆ ಪ್ರಾಧ್ಯಾಪಕರಿಗೆ ತೋರಿಸಿದೆ. ಅವರೂ ಅದನ್ನೇ ಹೇಳಿದರು. ಅಂದರೆ ಮೊದಲ ವರ್ಷ ಫೋಟೋ ನೋಡಿ ಒಂದೂವರೆ ಎಂದು ನಾನು ನಿರ್ಣಯಿಸಿದಾಗ ಅವನಿಗೆ ಆಗಲೇ ಎರಡೂವರೆ ತುಂಬಿತ್ತು. ನನ್ನದೇ ನಿಯಮದಂತೆ ಈ ನವೆಂಬರ್‌ನಲ್ಲಿ ಅವನು ಬೇಟೆಗೆ ಸಲ್ಲುತ್ತಿದ್ದ. ಸೆಲ್ಮರ್ ಹೌಗನ್ ಆ ಬೆಳಿಗ್ಗೆ ಬಿಟ್ಟದ್ದು ಎಳೆಯದನ್ನಲ್ಲ. ನಾವು ಕಾಯುತ್ತಿದ್ದ ಆ ದೊಡ್ಡ ಜಿಂಕೆಯನ್ನೇ. ಬಿಟ್ಟದ್ದು ನನ್ನ ಮಾತಿಗೆ ಕಟ್ಟುಬಿದ್ದು.

ನಾನು ಹೇಳದಿದ್ದರೆ ಇದು ನಿಮಗೆ ತಿಳಿಯುತ್ತಿರಲಿಲ್ಲ. ಅದಕ್ಕಾಗಿಯೇ ಹೇಳುತ್ತಿದ್ದೇನೆ. ಈ ಪತ್ರವನ್ನು ಅವನೆದುರು ಗಟ್ಟಿಯಾಗಿ ಓದಿ. ಈ ಸಲ ಎಲ್ಲ ಹಾಳೆಗಳನ್ನೂ ಓದಿ.

ಅವನು ಬೇಸರಪಟ್ಟುಕೊಂಡನೇ ಎಂಬುದನ್ನು ತಿಳಿಸಿ. ಚಳಿಯಲ್ಲಿ ಎಷ್ಟು ಹೊತ್ತು ಕುಳಿತಿದ್ದನು ಎಂಬುದನ್ನೂ.

ನಿಮ್ಮ,
ಥೋರಾ


೬ ಮಾರ್ಚ್ ೧೯೯೪

ಪುಟ್ಟೀ,

ಓದಿದೆ. ಎಲ್ಲ ಹಾಳೆ. ಸಾರು ಆರಿ ಹೋಯ್ತು, ಯಾರೂ ದೂರಲಿಲ್ಲ.

ಬೇಸರ ಪಟ್ಟುಕೊಂಡನಾ ಅಂದ್ಯಲ್ಲ. "ಥೋರಾಗೂ ತಪ್ಪಾಗುತ್ತಾ?" ಅಂದ. ಅಪರೂಪಕ್ಕೆ ಅಂದೆ. ನಕ್ಕುಬಿಟ್ಟ. ಅವನು ಹಾಗೆ ನಕ್ಕಿದ್ದನ್ನ ನಾನು ಈ ಎರಡು ವರ್ಷದಲ್ಲಿ ನೋಡಿರಲಿಲ್ಲ. ನಿನ್ನ ಮಾವ ಒಂದು ಮಾತು ಅಂದ್ರು, ಬರೀತೀನಿ, ಸಿಟ್ಟಾಗ್ಬೇಡ: "ಇಬ್ಬರು ಸೆಲ್ಮರ್‌ಗಳಲ್ಲಿ ಅವಳು ಒಬ್ಬನ ವಯಸ್ಸು ಮಾತ್ರ ಕಮ್ಮಿ ಎಣಿಸಿದ್ದಾ?"

ಚಳೀಲಿ ಕತ್ತಲಾಗೋ ತನಕ ಕೂತಿದ್ದನಂತೆ. ಆ ಈಡು ಕೇಳಿಸಿದ ಮೇಲೂ.

ಈಗ ಮುಖ್ಯ ಮಾತು. ಲಾ ಕ್ರಾಸ್ ಪೇಟೆಯ ಟೀಚರ್ ಹುಡುಗಿ ಒಬ್ಬಳು ಅವನನ್ನ ಈಸ್ಟರ್ ಊಟಕ್ಕೆ ಅವರ ಮನೆಗೆ ಕರೆದಿದಾಳೆ. ಒಳ್ಳೆ ಹುಡುಗಿ. ನಾನು ನೋಡಿದೀನಿ, ತ್ರಾಣ ಇದೆ, ನಗು ಇದೆ. ಅಂಥ ಊಟಕ್ಕೆ ಹೋದ್ರೆ ಮುಂದಿನದು ಮದುವೆ ಮಾತೇ ಅಂತ ನಿನಗೂ ಗೊತ್ತು. ಅವನು ಮೊನ್ನೆ ಬಂದು, ಟೋಪಿ ಕೈಲಿ ಹಿಡ್ಕೊಂಡು, ನಿಂತೇ ಮಾತಾಡಿದ.

"ಆಂಟಿ, ಜಿಂಕೆ ಈಗ ಇಲ್ಲ. ಕಾಯೋಕೆ ನೆಪ ಮುಗೀತು. ಆ ಮೊದಲ ಕಾಗದ ನನಗಲ್ಲ ಅಂತ ಗೊತ್ತು. ಅವಳು ಅದನ್ನ ವಾಪಸ್ ತಗೊಂಡುಬಿಡಲಿ. ಒಂದು ಸಾಲು ಬರೆದ್ರೆ ಸಾಕು. ಆಗ ನಾನು ಆ ಹುಡುಗಿಗೆ ಸರಿಯಾಗಿ ಮುಖ ಕೊಟ್ಟು ಮಾತಾಡಬಹುದು. ಅವಳನ್ನ ನಾನು ಕಾಯಿಸಬಾರದು."

"ನೀನೇ ಬರೆದು ಕೇಳೋ" ಅಂದೆ.

"ಅವಳ ಕಾಗದ ಓದಿದ್ದು ನೀವು. ನೀವೇ ಕೇಳಿ."

ನನ್ನ ಕಡೆಯಿಂದ ಒತ್ತಾಯ ಇಲ್ಲ. ನೀನು ವಾಪಸ್ ತಗೊಂಡ್ರೆ ನಾನೇ ಹೋಗಿ ಅವನಿಗೆ ಹೇಳ್ತೀನಿ, ಒಂದು ಡಬ್ಬಿ ಲೆಫ್ಸೆನೂ ಕೊಟ್ಟು ಬರ್ತೀನಿ. ನೀನು ನನ್ನ ಮಗಳು, ಎರಡು ಥರಾನೂ ನನ್ನ ಮಗಳೇ. ಆದ್ರೆ ಸುತ್ತು ಬಳಸು ಬೇಡ. ಹೌದು ಅಥವಾ ಇಲ್ಲ. ಎರಡು ಹಾಳೆ ಪಾಠ ಬರೀಬೇಡ.

ಅತ್ತೆ


ದಕ್ಷಿಣ ಟೆಕ್ಸಾಸ್
೧೫ ಮಾರ್ಚ್ ೧೯೯೪

ಪ್ರೀತಿಯ ಆಲ್ವೀನಾ ಅತ್ತೆಗೆ,

ಇಂದು ಮಾರ್ಚ್ ಹದಿನೈದು, ಮಂಗಳವಾರ. ಈ ಪತ್ರದ ಉದ್ದೇಶ, ನಿಮ್ಮ ಮೂಲಕ ಸೆಲ್ಮರ್ ಹೌಗನ್ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು. ಇದನ್ನು ಅವನೆದುರೇ ಓದಬೇಕು, ಮತ್ತು ಅವನು ಕೇಳಿದರೆ ಎರಡನೆಯ ಸಲವೂ ಓದಬೇಕು.

ಇಲ್ಲಿ ನನ್ನ ಪದವಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಗಣತಿಯ ಕೆಲಸ ಅಕ್ಟೋಬರ್ ಕೊನೆಯವರೆಗೆ ಇದೆ. ಅದನ್ನು ಒಪ್ಪಿಕೊಂಡಿದ್ದೇನೆ, ನಡುವೆ ಬಿಡಲಾರೆ. ನವೆಂಬರ್ ಮೊದಲ ವಾರ ಊರಿಗೆ ಬರುತ್ತೇನೆ. ಮೂರು ವರ್ಷ ತುಂಬುವುದೂ ಆಗಲೇ. ನನ್ನ ಕೋಣೆಯ ಕಿಟಕಿಯ ಚಿಲಕ ಬಿಗಿಯಾಗಿತ್ತು. ಮಾವನಿಗೆ ಹೇಳಿ ಸಡಿಲ ಮಾಡಿಸಿಡಿ.

ಬಡಗಣ ದಿಣ್ಣೆಯಲ್ಲಿ ಈ ವರ್ಷವೂ ಎಳೆಯವು ಬಂದಿರುತ್ತವೆ. ಅವನ್ನು ಬಿಟ್ಟುಬಿಡಿ. ಈ ಸಲ ಹೆಸರಿಡಬೇಡಿ.

ಈಸ್ಟರ್ ಊಟವನ್ನು ಎಲ್ಲಿ ಮಾಡಬೇಕೆಂಬುದು ಅವನಿಗೆ ಸೇರಿದ್ದು.

ನವೆಂಬರ್ ಹನ್ನೆರಡು, ಸಾವಿರದ ಒಂಬೈನೂರ ತೊಂಬತ್ತೊಂದರ ನನ್ನ ಪತ್ರವನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.